ಅವ್ವನ ಮೊಣಕಾಲು, ಚೀನಾದ ಗುಳಿಗೆ

ಮೊಣಕಾಲು ನೋವೆಂದು ನಾಲ್ಕು ಜನರ ನಡುವೆ ಬಾಯಿ ಬಿಡಬಾರದು. ಬಿಟ್ಟರೆ ಎದುರಿಗಿದ್ದವರೆಲ್ಲ ಆ ಕ್ಷಣವೇ ವೈದ್ಯರಾಗಿಬಿಡುತ್ತಾರೆ. ನಮ್ಮ ಅವ್ವನಿಗೆ ಹೀಗೆ ಜನ ಹೇಳಿದ ಔಷಧಗಳನ್ನೆಲ್ಲ ಕೂಡಿಸಿಟ್ಟಿದ್ದರೆ ಒಂದು ಅಂಗಡಿಯನ್ನೇ ತೆರೆಯಬಹುದಿತ್ತು. ಲಕ್ಕಿ ತಪ್ಪಲು ಕುದಿಸಿದ ನೀರು ಹಾಕಿಕೊಂಡಳು. ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಟ್ಟಿಕೊಂಡಳು. ನೆನೆಸಿದ ಮೆಂತ್ಯ ನುಂಗಿದಳು. ಎದುರು ಮನೆಯ ಕಾಕು ಹೇಳಿದಳೆಂದು ಒಂದು ತಿಂಗಳು ಬದನೆಕಾಯಿ ಬಿಟ್ಟಳು. ನಮ್ಮ ಕಡೆಯ ಹೆಂಗಸು ಬದನೆಕಾಯಿ ಬಿಡುವುದೆಂದರೆ ಸಣ್ಣ ಮಾತಲ್ಲ.

ನಮ್ಮ ತವರು ರಾಮದುರ್ಗ ತಾಲೂಕಿನ ಸುರೇಬಾನ. ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ, ಅವ್ವ ಪಕ್ಕದಲ್ಲಿ ನೆಲದ ಮೇಲೆ ಒಂದು ಕಾಲು ಮಡಚಿ ರಾಟಿ ತಿರುವುತ್ತ ಕಂಡಿಕೆ ಸುತ್ತುತ್ತಿದ್ದಳು. ನಲವತ್ತು ವರ್ಷ ಹಾಗೆಯೇ ಕುಳಿತಳು. ಸೀರೆ ಎಷ್ಟೋ ಊರಿಗೆ ಹೋದವು, ನೋವು ಮಾತ್ರ ಮನೆಯಲ್ಲೇ ಉಳಿಯಿತು.

ಊರ ಹತ್ತಿರವೇ ಶಬರಿಕೊಳ್ಳ. ಶಬರಿ ಬಾರಿಹಣ್ಣನ್ನು ಕಚ್ಚಿ ನೋಡಿ, ಸಿಹಿಯಾದದ್ದನ್ನೇ ಆರಿಸಿ ರಾಮನಿಗೆ ಕೊಟ್ಟದ್ದು ಇಲ್ಲಿಯೇ ಎಂದು ನಮ್ಮವರ ನಂಬಿಕೆ. ಊರಿನ ಹೆಸರೂ ಶಬರಿವನದಿಂದಲೇ ಬಂತೆನ್ನುತ್ತಾರೆ. ಅವ್ವ ಮದುವೆಯಾಗಿ ಬಂದಾಗಿನಿಂದ ಪ್ರತಿ ಸಂಕ್ರಾಂತಿಗೆ ಅಲ್ಲಿಗೆ ನಡೆದೇ ಹೋದವಳು. 2010ರಲ್ಲಿ ಮೊದಲ ಸಲ ಅದು ತಪ್ಪಿತು. ತಮ್ಮ ಮೋಟರ್ ಸೈಕಲ್ ಮೇಲೆ ಕರೆದೊಯ್ಯುತ್ತೇನೆಂದರೂ ಒಪ್ಪಲಿಲ್ಲ. ನಾನು ಫೋನ್ ಮಾಡಿದಾಗ, "ಕಾಲ ಹ್ವಾದಮ್ಯಾಲ ದೇವರಿಗೂ ಬ್ಯಾಡಾಗತೇವಿ ತಂಗಿ" ಎಂದಳು. ನಾನು ಧಾರವಾಡದಲ್ಲಿ ಶಾಲೆಯ ಮಾಸ್ತರಿಕಿ ಮಾಡಿಕೊಂಡಿದ್ದವಳು. ಆ ಮಾತು ಕೇಳಿ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಅದೇ ವರ್ಷ ದಸರೆಯ ಹೊತ್ತಿಗೆ, ಮಲೇಷ್ಯಾದಲ್ಲಿ ಕೆಲಸಕ್ಕಿದ್ದ ನನ್ನ ಗೆಳತಿಯ ತಮ್ಮ ಊರಿಗೆ ಬಂದ. ಅವನ ಕೈಚೀಲದಿಂದ ಬಂಗಾರ ಬಣ್ಣದ ಒಂದು ತಗಡಿನ ಡಬ್ಬಿ ಹೊರಬಂತು. ಮೇಲೆ ಬೆಟ್ಟ, ಕೊಕ್ಕರೆಯ ಚಿತ್ರ, ಉದ್ದಕ್ಕೆ ಚೀನೀ ಅಕ್ಷರ. ಕೆಳಗೆ ಸಣ್ಣ ಇಂಗ್ಲಿಷಿನಲ್ಲಿ ಬರೀ ಗಿಡಮೂಲಿಕೆಗಳ ಹೆಸರು. ಒಳಗೆ ಮೆಣಸಿನ ಕಾಳಿನಂಥ ಕರಿ ಗುಳಿಗೆ. "ಸಾವಿರಾರು ವರ್ಷದ ಚೀನಾ ಔಷಧ ಅಕ್ಕಾರ, ಅಡ್ಡ ಪರಿಣಾಮ ಏನೂ ಇಲ್ಲ" ಎಂದ. ಇಂಗ್ಲಿಷ್ ಗುಳಿಗೆ ಹೊಟ್ಟೆ ಸುಡುತ್ತದೆಂದು ಅವ್ವ ಅದಾಗಲೇ ಬಿಟ್ಟಿದ್ದಳು. ಗಿಡಮೂಲಿಕೆ ತಾನೇ ಎಂದು ನಾನು ಕೊಂಡುಬಿಟ್ಟೆ.

ನಾಲ್ಕನೆಯ ದಿನ ತಮ್ಮನ ಫೋನು: "ಅಕ್ಕಾ, ಅವ್ವ ಅಟ್ಟಾ ಏರ್ಯಾಳ!"

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಶಾಲೆಯಲ್ಲಿ ಎಲ್ಲರಿಗೂ ಡಂಗುರ ಸಾರಿದೆ. ನನ್ನ ಮಾತು ಕೇಳಿ ಇಬ್ಬರು ಬಾಯಿಯವರು ತಮ್ಮ ಅತ್ತೆಯಂದಿರಿಗೂ ತರಿಸಿದರು. ಅವ್ವನಿಗೆ ಎರಡನೆಯ ಡಬ್ಬಿ ಬಂತು, ಮೂರನೆಯದು ಬಂತು. 2011ರ ಸಂಕ್ರಾಂತಿಗೆ ಅವಳು ಶಬರಿಕೊಳ್ಳಕ್ಕೆ ನಡೆದು ಹೋಗಿ ನಡೆದೇ ಬಂದಳು. ಹಬ್ಬಕ್ಕೆ ಹೋಗಿದ್ದ ನನ್ನ ಕೈಯಲ್ಲಿ ಬಾರಿಹಣ್ಣು ತುಂಬಿ, "ನಿನ್ನ ಪುಣ್ಯಾ ನನ್ನವ್ವಾ" ಎಂದಳು. ಅವಳ ಮುಖ ದುಂಡಗಾಗಿ ತುಂಬಿಕೊಂಡಿತ್ತು. ಓಣಿಯವರೆಲ್ಲ "ಮಗಳ ಔಷಧದಾಗ ಮೈ ಹಿಡದಾಳ" ಎಂದು ಹೊಗಳಿದರು. ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆ ಕಂಡವು. ಬಳೆ ಒತ್ತಿರಬೇಕೆಂದುಕೊಂಡೆ. ಒಂದು ರೊಟ್ಟಿ ತಿನ್ನುವವಳು ಮೂರು ತಿನ್ನುತ್ತಿದ್ದಳು. ಅದನ್ನೂ ಆರೋಗ್ಯವೆಂದೇ ಬಗೆದೆ. ಕಣ್ಣಿಗೆ ಕಂಡದ್ದೆಲ್ಲ ನನಗೆ ಬೇಕಾದಂತೆಯೇ ಕಂಡಿತು.

ಮೂರನೆಯ ಡಬ್ಬಿ ಮುಗಿಯಿತು. ನಾಲ್ಕನೆಯದು ಬರುವುದು ತಡವಾಯಿತು. ಎಂಟು ದಿನವಾಗಿರಬೇಕು, ಅವ್ವನಿಗೆ ವಾಂತಿ, ಕೈಕಾಲಿನಲ್ಲಿ ತ್ರಾಣವಿಲ್ಲ. ಒಂದು ಮುಂಜಾನೆ ಬಚ್ಚಲಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಳು. ತಮ್ಮ ಜೀಪು ಮಾಡಿಕೊಂಡು ಧಾರವಾಡಕ್ಕೆ ಕರೆತಂದ. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವಳ ಮುಖ, ಮುಂಗೈ ನೋಡಿ, "ಏನಾದರೂ ಪುಡಿ, ಗುಳಿಗಿ ತಗೋತಿದ್ದರೇನ್ರಿ?" ಎಂದು ಕೇಳಿದರು. "ಇಲ್ಲರಿ, ಬರೀ ಗಿಡಮೂಲಿಕೆ" ಎಂದೆ. ಅವರು ಡಬ್ಬಿ ತರಲು ಹೇಳಿದರು.

ನೋವಿನ ಗಿಡಮೂಲಿಕೆಗಳಲ್ಲಿ ಗುಟ್ಟಾಗಿ ಸ್ಟೆರಾಯ್ಡ್ ಬೆರೆಸುವುದು ಹಳೆಯ ಮೋಸವಂತೆ. ಚೀನೀ ಡಬ್ಬಿಯೇ ಆಗಬೇಕೆಂದಿಲ್ಲ, ನಮ್ಮಲ್ಲಿ ಕಾಗದದ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲೂ ಇರುತ್ತದೆ. ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಗಳು ನಮ್ಮ ದೇಹಕ್ಕೆ ಬೇಕಾದಷ್ಟು ಆ ರಸವನ್ನು ದಿನವೂ ತಯಾರಿಸುತ್ತವೆ. ಹೊರಗಿನಿಂದ ಧಾರಾಳವಾಗಿ ಬರತೊಡಗಿದರೆ ಅವು ಕೆಲಸ ಬಿಟ್ಟು ಮಲಗುತ್ತವೆ. ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಿದರೆ ಅವು ಏಳುವಷ್ಟರಲ್ಲಿ ಮನುಷ್ಯ ಉರುಳುತ್ತಾನೆ. ಮುಖ ದುಂಡಗಾದದ್ದು, ಹಸಿವೆ, ನೀಲಿ ಕಲೆ, ಏರಿದ್ದ ಸಕ್ಕರೆ ಎಲ್ಲಕ್ಕೂ ಕಾರಣ ಅದೇ ಇರಬೇಕೆಂದು ಡಾಕ್ಟರಮ್ಮನ ಅಂದಾಜು. ಸ್ಟೆರಾಯ್ಡನ್ನೇ ಅಳತೆಯಲ್ಲಿ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ನಾನು ಅಂದು ಸಂಜೆಯೇ ಆ ಇಬ್ಬರು ಬಾಯಿಯವರ ಮನೆಗೆ ಓಡಿದೆ. "ತಟ್ಟನೆ ನಿಲ್ಲಿಸಬ್ಯಾಡರಿ, ಡಾಕ್ಟರ ಕಡೆ ಹೋಗರಿ" ಎನ್ನುವಾಗ ನನ್ನ ನಾಲಿಗೆ ಒಣಗಿತ್ತು. ಒಬ್ಬರು ಅರ್ಥ ಮಾಡಿಕೊಂಡರು. ಇನ್ನೊಬ್ಬರು ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಬಹಳ ದಿನ ಚೀನಾ ಎಂದರೆ ಸಿಟ್ಟು ಬರುತ್ತಿತ್ತು. ಆಮೇಲೆ ಹುಡುಕಿ ಓದಿದೆ. ಏಳನೆಯ ಶತಮಾನದಲ್ಲಿ ಸುನ್ ಸಿಮಿಯಾವ್ ಎಂಬ ಚೀನೀ ವೈದ್ಯ ಸೊಂಟ, ಮೊಣಕಾಲು ನೋವಿಗೆಂದು ಹದಿನೈದು ಮೂಲಿಕೆಗಳ ಕಷಾಯವೊಂದನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ದಾಲ್ಚಿನ್ನಿಯ ಜಾತಿಯ ತೊಗಟೆ ಇದೆ, ಜ್ಯೇಷ್ಠಮಧು ಇದೆ, ಹಿಪ್ಪುನೇರಳೆ ಗಿಡದ ಮೇಲೆ ಬೆಳೆಯುವ ಬಂದಳಿಕೆ ಇದೆ. 'ನ್ಯೂಶಿ' ಎಂಬುದೊಂದಿದೆ, ಹಾಗೆಂದರೆ ಎತ್ತಿನ ಮೊಣಕಾಲು. ಕಾಂಡದ ಗೆಣ್ಣು ಎತ್ತಿನ ಮೊಣಕಾಲಿನಂತೆ ಉಬ್ಬಿರುವುದರಿಂದ ಆ ಹೆಸರು. ಅದು ಯಾವ ಗಿಡವೆಂದು ನೋಡಿದರೆ ನಮ್ಮ ಉತ್ತರಾಣಿಯ ಒಡಹುಟ್ಟು! ಋಷಿಪಂಚಮಿಯ ದಿನ ನಾವು ಹಲ್ಲುಜ್ಜುವ ಆ ಕಡ್ಡಿಯ ದಾಯಾದಿ ಅಷ್ಟು ದೂರದಲ್ಲಿ ಯಾರದೋ ಅವ್ವನ ಮೊಣಕಾಲಿಗಾಗಿ ಗಡಿಗೆಯಲ್ಲಿ ಕುದಿಯುತ್ತಿದೆ ಎಂದು ತಿಳಿದಾಗ ಸಿಟ್ಟು ಅರ್ಧ ಇಳಿಯಿತು. ಆ ಕಷಾಯ ಕುಡಿದು ಮೂರು ದಿನಕ್ಕೆ ಯಾರೂ ಅಟ್ಟ ಏರಿರಲಿಕ್ಕಿಲ್ಲ.

ಹಾಗೆಂದು ಬೇರು ತೊಪ್ಪಲೆಲ್ಲ ಸಾಧುವೇನಲ್ಲ. ಚೀನೀಯರು ಸಂಧಿವಾತಕ್ಕೆ ಕೊಡುವ 'ಗುಡುಗು ದೇವರ ಬಳ್ಳಿ' ಎಂಬುದೊಂದಿದೆ. 2009ರಲ್ಲಿ ಅಮೆರಿಕದ ವೈದ್ಯರು ಅದರ ಬೇರಿನ ಸಾರವನ್ನು ಒಂದು ಇಂಗ್ಲಿಷ್ ಔಷಧದ ಎದುರು ಇಟ್ಟು ಪರೀಕ್ಷಿಸಿ, ಗುಣವಿದೆಯೆಂದೇ ಬರೆದರು. ಆದರೆ ಅದರ ಎಲೆ ಹೂವು ವಿಷ. ಬೇರಿನ ಔಷಧ ತಿಂದ ಹೆಂಗಸರಿಗೂ ಮುಟ್ಟು ನಿಲ್ಲುವುದುಂಟು. ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆ ತಿಂದ ಹೆಂಗಸರ ಮೂತ್ರಪಿಂಡ ಕೆಟ್ಟದ್ದು 1993ರಲ್ಲಿ ಬೆಳಕಿಗೆ ಬಂತು. ಒಂದು ಬೇರಿನ ಬದಲು ಅದೇ ಬಗೆಯ ಹೆಸರಿನ ಇನ್ನೊಂದು ಬೇರು ಸೇರಿಬಿಟ್ಟಿತ್ತು. ಇನ್ನು ನನ್ನ ಡಬ್ಬಿಯಂಥ ಕರಿ ಗುಳಿಗೆಯ ಕಥೆ 1975ರಷ್ಟು ಹಿಂದೆಯೇ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಅಚ್ಚಾಗಿತ್ತು. ಗಿಡಮೂಲಿಕೆಯೆಂದು ಮಾರಿದ್ದರಲ್ಲಿ ಅಲ್ಲಿಯೂ ಇಂಗ್ಲಿಷ್ ನೋವಿನ ಔಷಧಗಳೇ ಸಿಕ್ಕಿದ್ದವು. ಅದರಿಂದ ರಕ್ತದ ಬಿಳಿಕಣಗಳೇ ಇಳಿದುಹೋಗಿದ್ದವು. ಆಗ ನಾನು ಸುರೇಬಾನದಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದೆ.

ಇಷ್ಟನ್ನೆಲ್ಲ ತಿಳಿದುಕೊಂಡು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಖರೇ ಇರಬೇಕವಾ. ಆದರ ಮೂರು ತಿಂಗಳ ನಾ ನಡದೆ" ಎಂದಳು. ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಈಗಲೂ ಇಲ್ಲ. ಡಾಕ್ಟರಮ್ಮ ಹೇಳಿಕೊಟ್ಟಂತೆ ಕುರ್ಚಿಯಲ್ಲಿ ಕುಳಿತು ದಿನವೂ ಕಾಲು ನೀಡಿ ಎತ್ತುತ್ತಾಳೆ, ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದಂತೆ. ನೆಲಕ್ಕೆ ಕೂಡುವುದನ್ನು ಬಿಟ್ಟಳು, ಕೋಲು ಹಿಡಿದಳು. ಲಕ್ಕಿ ತಪ್ಪಲಿನ ಬಿಸಿನೀರು ಮಾತ್ರ ಯಾರು ಹೇಳಿದರೂ ಬಿಡಲಿಲ್ಲ. ಅದು ಬೇಡವೆಂದು ಡಾಕ್ಟರಮ್ಮನೂ ಹೇಳಲಿಲ್ಲ. ನೋವು ಇದೆ. ಮನೆಯಿಂದ ಗುಡಿಯ ಕಟ್ಟೆಯತನಕ ಹೋಗಿ ಬರುವಷ್ಟು ಕಾಲೂ ಇದೆ.

ಕಳೆದ ಸಂಕ್ರಾಂತಿಗೆ ಅವಳನ್ನು ಕಾರಿನಲ್ಲಿ ಶಬರಿಕೊಳ್ಳಕ್ಕೆ ಕರೆದೊಯ್ದೆವು. ಎಂಬತ್ತು ದಾಟಿದೆ, ಈಗ ಗಾಡಿ ಬೇಡವೆನ್ನುವುದಿಲ್ಲ. ಕಾರು ನಿಂತಲ್ಲಿಂದ ಮುಂದೆ ಬರಲಾರೆನೆಂದು ಮರದ ನೆರಳಿಗೆ ಕುಳಿತು ನನ್ನನ್ನು ಕಳಿಸಿದಳು. ನಾನು ಕಾಯಿ ಒಡೆಸಿಕೊಂಡು ಮರಳಿದಾಗ ಸೆರಗಿನಲ್ಲಿ ಬಾರಿಹಣ್ಣು ಹಾಕಿಕೊಂಡು ಹುಳುಕು ಆರಿಸುತ್ತಿದ್ದಳು.

"ತಂಗಿ, ಆ ಬಂಗಾರದ ಡಬ್ಬಿ ಈಗ ಸಿಗತಾವೇನ?"

"ಇಲ್ಲವಾ" ಎಂದೆ.

"ಸಿಕ್ಕರೂ ನೀ ತರೂದಿಲ್ಲ ಬಿಡು" ಎಂದು ಒಂದು ಹಣ್ಣನ್ನು ತಾನು ಕಚ್ಚಿ ನೋಡಿ, ಅಂಥದ್ದೇ ಇನ್ನೊಂದನ್ನು ನನ್ನ ಕೈಗಿಟ್ಟಳು.