ತಡಿ, ಮುಖ ತೊಳ್ಕೊಂಡು ಬಂದೆ

ಬೆಳಿಗ್ಗೆ ಏಳೂವರೆಗೆ ಭದ್ರಾವತಿಯ ಜನ್ನಾಪುರದಲ್ಲಿ ಸಿದ್ಧಗೊಂಡ ಮುಖ ಶಿವಮೊಗ್ಗದ ಬಸ್‌ಸ್ಟ್ಯಾಂಡ್ ತಲುಪುವವರೆಗೆ ಹೇಗೋ ನಿಲ್ಲುತ್ತದೆ. ಸೀಟು ಸಿಕ್ಕರೆ ಸರಿ. ನಿಂತೇ ಬಂದರೆ ಮಾಚೇನಹಳ್ಳಿ ದಾಟುವಷ್ಟರಲ್ಲಿ ಮೂಗಿನ ತುದಿಯಲ್ಲಿ ಎಣ್ಣೆ ಮಿಂಚುತ್ತದೆ. ಮೊದಲ ಎರಡು ತರಗತಿ ಮುಗಿಯುವ ಹೊತ್ತಿಗೆ ಕಾಡಿಗೆ ಕಣ್ಣು ಬಿಟ್ಟು ಕೆನ್ನೆಗೆ ಇಳಿದಿರುತ್ತದೆ, ತುಟಿಯ ಬಣ್ಣ ಸ್ಟಾಫ್‌ರೂಮಿನ ಟೀ ಲೋಟಕ್ಕೆ ಹತ್ತಿರುತ್ತದೆ, ಹಣೆಯ ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಕೂತಿರುತ್ತದೆ. ಬೆಳಿಗ್ಗೆ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಮಧ್ಯಾಹ್ನ ಪಿಎಚ್.ಡಿ.ಯ ಕ್ಷೇತ್ರಕಾರ್ಯ, ಸಂಜೆ ಕೋಚಿಂಗ್ ಸೆಂಟರಿನಲ್ಲಿ ಕನ್ನಡ ಪಾಠ, ಶನಿವಾರ ಶಂಕರಘಟ್ಟದಲ್ಲಿ ಗೈಡ್ ಭೇಟಿ. ಕೆಲಸ ನಾಲ್ಕು, ಮುಖ ಒಂದೇ. ಅದನ್ನು ದಿನಕ್ಕೆ ಮೂರು ಸಲವಾದರೂ ರಿಪೇರಿ ಮಾಡಿಕೊಳ್ಳದೆ ನನಗೆ ನಡೆಯುವುದಿಲ್ಲ.

ಒಂದು ಬೆಲ್ಲಿಗೂ ಇನ್ನೊಂದು ಬೆಲ್ಲಿಗೂ ನಡುವೆ ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಏನೇನು ಆಗುತ್ತದೆ, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಈಗ ಕೈಗೇ ಗೊತ್ತು. ಬೆವರನ್ನು ಒತ್ತಿ ತೆಗೆಯಬೇಕು, ಉಜ್ಜಬಾರದು. ಟಿಶ್ಯೂ ಬೇಕೆಂದೇನಿಲ್ಲ, ಅಪ್ಪನ ಹಳೇ ಪಂಚೆಯಿಂದ ಹರಿದ ನಾಲ್ಕು ತುಂಡು ನನ್ನ ಬ್ಯಾಗಿನಲ್ಲಿವೆ, ತೊಳೆದು ತೊಳೆದು ಮೆತ್ತಗಾದ ಹತ್ತಿಯಷ್ಟು ಚೆನ್ನಾಗಿ ಬೆವರು ಹೀರುವುದು ಬೇರೆ ಯಾವುದೂ ಇಲ್ಲ. ಬೆವರಿನ ಮೇಲೇ ಪೌಡರ್ ಹಾಕಿದರೆ ಒದ್ದೆ ಗೋಡೆಗೆ ಸುಣ್ಣ ಬಳಿದ ಹಾಗೆ ಹೆಪ್ಪುಗಟ್ಟುತ್ತದೆ. ಇಳಿದ ಕಾಡಿಗೆಗೆ ನೀರು ಹಾಕಿದರೆ ಇನ್ನಷ್ಟು ಹರಡುತ್ತದೆ. ಇಯರ್ ಬಡ್ಡಿನ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ ಒರೆಸಿದರೆ ಒಂದೇ ಸಲಕ್ಕೆ ಬರುತ್ತದೆ, ಎಣ್ಣೆಯಲ್ಲಿ ಕೂತದ್ದು ಎಣ್ಣೆಗೇ ಬಿಡುವುದು. ತುಟಿಯ ಮೇಲೆ ಉಳಿದ ಹಳೇ ಬಣ್ಣವನ್ನು ಪೂರ್ತಿ ತೆಗೆದೇ ಹೊಸದು ಹಚ್ಚಬೇಕು. ಬೆರಳಿಗೆ ಹತ್ತಿದ ಅದೇ ಬಣ್ಣವನ್ನು ಕೆನ್ನೆಗೆ ಎರಡು ಸಲ ತಟ್ಟಿದರೆ ರಾತ್ರಿ ಎರಡರವರೆಗೆ ಅಧ್ಯಾಯ ತಿದ್ದಿದ್ದು ಯಾರಿಗೂ ಕಾಣುವುದಿಲ್ಲ. ಬಿಸಿಲಿಗೆ ಹೊರಡುವುದಿದ್ದರೆ ಮಾತ್ರ ಪೌಡರಿಗೆ ಮೊದಲು ಸನ್‌ಸ್ಕ್ರೀನ್. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೆ ಇರುವುದಿಲ್ಲ, ಬಿಸಿಲಲ್ಲಿ ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಲೇಬೇಕು. ಕನ್ನಡಿ, ಬಾಚಣಿಗೆ ಗೆಳತಿಯರಿಗೆ ಕೊಡಬಹುದು. ಕಾಡಿಗೆ ಕಡ್ಡಿ ಮಾತ್ರ ಯಾರಿಗೂ ಕೊಡಬಾರದು. ಒಬ್ಬಳ ಕಣ್ಣುಬೇನೆ ಮರುದಿನವೇ ಇನ್ನೊಬ್ಬಳದಾಗುತ್ತದೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹಾಗೆ ಕೇಳುವವರೇ ನಾನು ಏನೂ ಹಚ್ಚದೆ ಹೋದ ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ‘ಮೇಡಂ, ಹುಷಾರಿಲ್ವಾ?’ ಅನ್ನುತ್ತಾರೆ. ತುಟಿಗೆ ಒಂದು ಸುತ್ತು ಜಾಸ್ತಿ ಎಳೆದ ದಿನ ಅದೇ ದನಿಯಲ್ಲಿ ‘ಏನ್ ಮೇಡಂ, ಫಂಕ್ಷನ್ನಾ?’ ಅನ್ನುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಒಂದು ಕೂದಲೆಳೆಯಷ್ಟು ಜಾಗವಿದೆ. ಅಲ್ಲಿ ನಿಲ್ಲುವ ಮುಖ ಹಚ್ಚಿಕೊಂಡಿರಬೇಕು, ಆದರೆ ಹಚ್ಚಿಕೊಂಡ ಹಾಗೆ ಕಾಣಬಾರದು. ನನ್ನ ಪಕ್ಕದ ಕುರ್ಚಿಯ ಸಹೋದ್ಯೋಗಿ ಎರಡು ದಿನದ ಗಡ್ಡದಲ್ಲಿ, ಕೆಂಪು ಕಣ್ಣಿನಲ್ಲಿ ಬಂದರೆ ‘ಪಾಪ, ರಾತ್ರಿಯೆಲ್ಲ ಓದ್ತಾರೆ’ ಅನ್ನುತ್ತಾರೆ. ಗಂಡಸಿನ ದಣಿವು ಅವನ ದುಡಿಮೆಗೆ ಸಾಕ್ಷಿ. ನನ್ನ ದಣಿವಿಗೆ ಆ ಮರ್ಯಾದೆ ಸಿಗುವುದಿಲ್ಲ, ಮುಂದಿನ ವರ್ಷ ನನಗೆ ಕ್ಲಾಸು ಕೊಡಬೇಕೋ ಬೇಡವೋ ಅನ್ನುವ ಅನುಮಾನಕ್ಕೆ ಅದು ಕಾರಣವಾಗುತ್ತದೆ. ಪ್ರತಿ ವರ್ಷ ಹೊಸದಾಗಿ ಆಯ್ಕೆಯಾಗಬೇಕಾದ ನನ್ನಂಥವರಿಗೆ ಈ ಐದು ನಿಮಿಷ ಸಂಬಳವಿಲ್ಲದ ಇನ್ನೊಂದು ಪಿರಿಯಡ್.

ಗಂಡಸರು ಪೌಡರ್ ಹಚ್ಚುವುದಿಲ್ಲ ಎಂದು ಭದ್ರಾವತಿಯವರಿಗೆ ಯಾರೂ ಹೇಳಲಾರರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು ನಮ್ಮದು. ಅಪ್ಪ ಅಲ್ಲಿ ಕೆಲಸ ಮಾಡುತ್ತಿದ್ದರು. ಶಿಫ್ಟ್ ಮುಗಿಸಿ ಬರುವಾಗ ಅವರ ಉಗುರಿನಲ್ಲಿ ಮಸಿ ಇರುತ್ತಿತ್ತು, ಮುಖದ ಮೇಲೆ ಇರುತ್ತಿರಲಿಲ್ಲ. ಅಲ್ಲೇ ನಲ್ಲಿಯಲ್ಲಿ ಸೋಪು ಹಾಕಿ ತೊಳೆದು, ಕ್ರಾಪ್ ಬಾಚಿ, ಕತ್ತಿಗೂ ಕೆನ್ನೆಗೂ ಪೌಡರ್ ಎರಚಿಕೊಂಡೇ ಸೈಕಲ್ ಹತ್ತುತ್ತಿದ್ದರು. ಮನೆಯಲ್ಲಿದ್ದದ್ದು ಯಾವಾಗಲೂ ಮೈಸೂರು ಸ್ಯಾಂಡಲ್. ನಮ್ಮ ರಾಜ್ಯದಲ್ಲಿ ಸೋಪು, ಪೌಡರ್ ಮಾಡಿ ಮಾರುವುದು ಸರ್ಕಾರವೇ, ಅದರ ಗಂಧದೆಣ್ಣೆಯ ಒಂದು ಕಾರ್ಖಾನೆ 1944ರಲ್ಲಿ ಶಿವಮೊಗ್ಗದಲ್ಲೇ ಶುರುವಾಗಿತ್ತು. 1952ರಲ್ಲಿ ಟಾಟಾದವರು ಲಕ್ಮೆ ಶುರು ಮಾಡಿದಾಗಲೂ ಲಕ್ಷ್ಮಿಯ ಹೆಸರಿನ ಫ್ರೆಂಚ್ ರೂಪವನ್ನೇ ಇಟ್ಟರು. ಅದು ನಮ್ಮ ಮನೆ ಬಾಗಿಲಿಗೆ ಬಂದದ್ದು ನನ್ನ ಕಾಲಕ್ಕೆ. ಅಪ್ಪನ ಪೌಡರನ್ನು ಯಾರೂ ಮೇಕಪ್ ಅನ್ನಲಿಲ್ಲ, ಅದು ಬರೀ ‘ನೀಟಾಗಿರೋದು’. ಹೊಸನಗರ, ಸಾಗರದ ಕಡೆಯ ಬಯಲಾಟಗಳಲ್ಲೂ ಹೀಗೇ. ಚೌಕಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸಣ್ಣ ಕನ್ನಡಿ ನೋಡಿಕೊಂಡು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುವ ಕಲಾವಿದ, ಪ್ರಸಂಗದ ನಡುವೆ ಬೆವರೊತ್ತಿ ತಿದ್ದಿಕೊಂಡು ಮತ್ತೆ ರಂಗಕ್ಕೆ ಹೋಗುತ್ತಾನೆ. ಅದಕ್ಕೆ ನಾವು ಶ್ರದ್ಧೆ ಎನ್ನುತ್ತೇವೆ.

ಸಂಜೆ ಐದೂವರೆಯ ಬಸ್ಸಿನಲ್ಲಿ ನನಗೆ ಬೇರೆ ಪಾಠ ನಡೆಯುತ್ತದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಹೆಂಗಸರು ಹತ್ತುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಅಲ್ಲಿ ಕಾಲಿಡಲು ಜಾಗವಿಲ್ಲ. ಖಾಸಗಿ ಬಸ್ಸಿನಲ್ಲಿ ಸ್ವಲ್ಪ ಉಸಿರಾಡಬಹುದು. ಅವರ ಹುಬ್ಬಿನ ಮೇಲೆ, ಮುಂಗುರುಳಲ್ಲಿ ಬಟ್ಟೆಯ ನೂಲಿನ ಧೂಳು. ಒಬ್ಬರ ಕೂದಲಿನಿಂದ ಇನ್ನೊಬ್ಬರು ಎಳೆ ಹೆಕ್ಕುತ್ತಾರೆ, ಬಾಟಲಿಯ ನೀರಲ್ಲಿ ಕರ್ಚೀಫು ಒದ್ದೆ ಮಾಡಿ ಕೈಯಿಂದ ಕೈಗೆ ದಾಟಿಸುತ್ತಾರೆ. ಒಂದು ಸಣ್ಣ ಕನ್ನಡಿ ಇಡೀ ಸೀಟಿನ ಸಾಲನ್ನು ಸುತ್ತುತ್ತದೆ. ದಿನವೂ ಪಕ್ಕದಲ್ಲಿ ಕೂರುವ ಅಕ್ಕ ಒಬ್ಬರನ್ನು ‘ಮನೆಗೇ ಹೋಗ್ತಿರೋದಲ್ವಾ ಅಕ್ಕಾ, ಈಗ್ಯಾಕೆ?’ ಎಂದು ಕೇಳಿದೆ.

‘ಬಾಡಿದ ಮುಖ ನೋಡಿದ್ರೆ ಸಾಲ ಕೊಟ್ಟೋನಿಗೂ ದಿಗಿಲಾಗತ್ತೆ ಕಣಮ್ಮ, ಅವತ್ತೇ ಬಾಗ್ಲಿಗೆ ಬರ್ತಾನೆ’ ಎಂದು ನಕ್ಕರು. ಆಮೇಲೆ ಬಿಂದಿಯನ್ನು ಕಿತ್ತು, ನೆಟ್ಟಗೆ ಮತ್ತೆ ಅಂಟಿಸಿಕೊಳ್ಳುತ್ತಾ ಹೇಳಿದರು: ‘ಬೆಳಗಿಂದ ಮಿಷನ್ ಮುಂದೆ ಮುಖ ಇತ್ತು. ಮನೆಗೋದ್ರೆ ಒಲೆ ಮುಂದೆ. ನಡುವೆ ಇಷ್ಟೊತ್ತು ನಂದು.’

ನಾನು ಓದಿದ ಲೇಖನಗಳಲ್ಲಿ ಹೆಣ್ಣಿನ ಅಲಂಕಾರದ ಬಗ್ಗೆ ಎರಡೇ ವಾದ ಸಿಗುತ್ತಿತ್ತು: ಅದು ನೋಡುವವರ ಕಣ್ಣಿಗಾಗಿ, ಇಲ್ಲವೇ ಮಾರುಕಟ್ಟೆಗಾಗಿ. ಎರಡೂ ಸುಳ್ಳಲ್ಲ. ಗಾಂಧಿ ಬಜಾರಿನ ಫ್ಯಾನ್ಸಿ ಸ್ಟೋರಿನಲ್ಲಿ ಲಿಪ್‌ಸ್ಟಿಕ್ಕಿನ ಬೆಲೆ ಕೇಳಿ ವಾಪಸ್ ಇಟ್ಟ ಪ್ರತಿ ಸಲವೂ ಎರಡನೆಯದನ್ನು ನಾನೇ ಒಪ್ಪಿದ್ದೇನೆ. ಆದರೆ ಆ ಅಕ್ಕನ ‘ಇಷ್ಟೊತ್ತು ನಂದು’ ಈ ಎರಡರಲ್ಲೂ ಕೂರುವುದಿಲ್ಲ.

ನನ್ನ ಸಂಶೋಧನೆ ಮಲೆನಾಡಿನ ಹೆಂಗಸರ ಬದುಕಿನ ಮೌಖಿಕ ಕಥನಗಳ ಮೇಲೆ. ಎಪ್ಪತ್ತು ದಾಟಿದ ಅಜ್ಜಿಯರ ಮನೆಗೆ ರೆಕಾರ್ಡರ್ ಹಿಡಿದು ಹೋಗುತ್ತೇನೆ. ಮೊದಲೇ ಹೇಳಿರುತ್ತೇನೆ: ವಿಡಿಯೊ ಇಲ್ಲ, ಫೋಟೊ ಇಲ್ಲ, ದನಿ ಮಾತ್ರ. ಆದರೂ ರೆಕಾರ್ಡರ್ ಚಾಪೆಯ ಮೇಲೆ ಇಟ್ಟ ಕೂಡಲೇ ಬಹುತೇಕ ಎಲ್ಲರೂ ಎದ್ದೇಳುತ್ತಾರೆ. ‘ತಡಿ ಮಾರಾಯ್ತಿ, ಮುಖ ತೊಳ್ಕೊಂಡು ಬಂದೆ.’ ಬಚ್ಚಲಲ್ಲಿ ನೀರಿನ ಸದ್ದು. ಸೆರಗಿನಲ್ಲಿ ಮುಖ ಒರೆಸಿ, ತಲೆಗೆ ಎರಡು ಸಲ ಬಾಚಣಿಗೆ ಎಳೆದು, ಕುಂಕುಮ ತಿದ್ದಿ, ಸೀರೆಯ ನೆರಿಗೆ ಸರಿಮಾಡಿ ಬಂದು ಕೂರುತ್ತಾರೆ. ಅಲ್ಲಿಯವರೆಗೆ ‘ನಂದೆಂತ ಕತೆ, ಬಿಡು’ ಅನ್ನುತ್ತಿದ್ದವರು ಆಮೇಲೆ ಎರಡು ಗಂಟೆ ನಿಲ್ಲಿಸದೆ ಮಾತಾಡುತ್ತಾರೆ. ಯಂತ್ರಕ್ಕೆ ಕಣ್ಣಿಲ್ಲ ಎಂದು ಅವರಿಗೆ ಗೊತ್ತು. ಮುಖ ತೊಳೆಯುವುದು ಕೇಳುವವರಿಗಲ್ಲ, ಹೇಳುವವರಿಗೆ ಬೇಕಾದದ್ದು. ಸೊಸೆಯಾಗಿ, ಅತ್ತೆಯಾಗಿ, ಕೊಟ್ಟಿಗೆಯ ಕೆಲಸದವಳಾಗಿ ಇದ್ದ ಮುಖವನ್ನು ಬಚ್ಚಲಲ್ಲಿ ಬಿಟ್ಟು ತಾವೇ ಬಂದು ಕೂರುತ್ತಾರೆ.

ಮುಸ್ಸಂಜೆಗೆ ದೀಪ ಹಚ್ಚುವ ಮೊದಲು ಮುಖ ತೊಳೆದು, ತಲೆ ಬಾಚಿ, ಹಣೆಗಿಡು ಎಂದು ಗದರಿಸಿಕೊಳ್ಳದೆ ಬೆಳೆದ ಹುಡುಗಿ ನಮ್ಮ ಕಡೆ ಇಲ್ಲ. ಕಂಪನಿಗಳು ಈಗ ‘ಟಚ್ ಅಪ್’ ಎಂದು ಮಾರುವುದನ್ನು ನಮ್ಮ ಮನೆಗಳು ಎಂದಿನಿಂದಲೋ ಒಂದು ತಂಬಿಗೆ ನೀರಿನಲ್ಲಿ ಮಾಡುತ್ತಿದ್ದವು. ಆದರೆ ಆ ಸಾಲಿನಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಅಪ್ಪನ ಅಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅವರೂ ಮುಸ್ಸಂಜೆಗೆ ಮುಖ ತೊಳೆಯುತ್ತಿದ್ದರು, ಒರೆಸಿಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯಿತು. ಕನ್ನಡಿಯ ಮುಂದೆ ಅವರಿಗೆ ಕೆಲಸವಿರಲಿಲ್ಲ. ತೊಳೆಯುವುದಕ್ಕೆ ಅಡ್ಡಿಯಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ.

ಅಪ್ಪ ಹೋಗಿ ಮೂರು ವರ್ಷವಾಯಿತು. ಅಮ್ಮನ ಹಣೆಯ ಬಗ್ಗೆ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ; ಹೇಳಬೇಕಾಗಿಯೂ ಬರಲಿಲ್ಲ. ಹನ್ನೊಂದನೆಯ ದಿನದ ಹೊತ್ತಿಗೆ ಬಿಂದಿಯ ಪ್ಯಾಕೆಟ್ಟು ಕನ್ನಡಿಯ ಅಂಚಿನಿಂದ ಮಾಯವಾಗಿತ್ತು, ಪೌಡರ್ ಡಬ್ಬಿ ಬೀರುವಿನ ಹಿಂದಕ್ಕೆ ಸರಿದಿತ್ತು. ನಾನು ಕಾಲೇಜಿನಲ್ಲಿ ಸ್ತ್ರೀವಾದದ ಘಟಕ ಪಾಠ ಮಾಡಿ, ಸಂಜೆ ನಮ್ಮ ಬೀದಿಯ ತಿರುವಿನಲ್ಲಿ ಪಂಚೆಯ ತುಂಡಿನಿಂದ ತುಟಿ ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ಅಮ್ಮನ ಎದುರು ಬಣ್ಣ ಹಚ್ಚಿದ ಮುಖ ಹೊತ್ತು ನಿಲ್ಲುವುದು ಊಟಕ್ಕಿಲ್ಲದವರ ಮುಂದೆ ಉಂಡ ಹಾಗೆ ಅನ್ನಿಸುತ್ತಿತ್ತು. ಅಮ್ಮನಿಗೆ ಅದು ಎಂದಿನಿಂದ ಗೊತ್ತಿತ್ತೋ. ಒಂದು ಸಂಜೆ ಬಾಗಿಲು ತೆಗೆದವರು ನನ್ನ ಗಲ್ಲ ಹಿಡಿದೆತ್ತಿ ನೋಡಿದರು. ‘ಇಷ್ಟು ಉಜ್ಜಿದ್ರೆ ತುಟಿ ಒಡೆಯತ್ತೆ. ಇನ್ಮೇಲೆ ಹಾಗೇ ಬಾ’ ಎಂದು ಒಳಗೆ ಹೋದರು.

ವರ್ಷಕ್ಕೊಮ್ಮೆ ಅಮ್ಮ ತಾನು ಬದುಕಿದ್ದೇನೆ ಎಂದು ರುಜುವಾತು ಮಾಡಬೇಕು. ಕುಟುಂಬ ಪಿಂಚಣಿ ನಿಲ್ಲದೆ ಬರಲು ಜೀವನ ಪ್ರಮಾಣ ಪತ್ರ ಬೇಕು. ಮೊದಲ ಸಲ ಬೆರಳಚ್ಚಿಗೆ ಹೋದಾಗ ಯಂತ್ರ ತೆಗೆದುಕೊಳ್ಳಲಿಲ್ಲ; ಪಾತ್ರೆ ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದಿತ್ತು. ಈಗ ಮೊಬೈಲಿನಲ್ಲೇ ಮುಖ ತೋರಿಸಿದರೆ ಸಾಕು. ಕ್ಯಾಮೆರಾ ಆಧಾರ್‌ನಲ್ಲಿರುವ ಮುಖದೊಂದಿಗೆ ತಾಳೆ ನೋಡುತ್ತದೆ, ಫೋಟೊಕ್ಕೆ ಮೋಸಹೋಗದಿರಲು ಕಣ್ಣು ಮಿಟುಕಿಸಲು ಹೇಳುತ್ತದೆ. ಈ ಸಲ ಭಾನುವಾರ ಬೆಳಿಗ್ಗೆ ಆಪ್ ತೆರೆದು, ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಅಮ್ಮನನ್ನು ಕರೆದೆ. ಅಡುಗೆಮನೆಯಿಂದ ಬಂದವರು ಕೂರಲಿಲ್ಲ.

‘ತಡಿ, ಮುಖ ತೊಳ್ಕೊಂಡು ಬಂದೆ.’

ಬಚ್ಚಲಲ್ಲಿ ನೀರಿನ ಸದ್ದಾಯಿತು. ಆಮೇಲೆ ಬೀರುವಿನ ಬಾಗಿಲ ಸದ್ದು. ಬಂದಾಗ ಕೆನ್ನೆಯ ಮೇಲೆ ಪೌಡರಿತ್ತು, ಒಂದು ಕಡೆ ಸ್ವಲ್ಪ ಜಾಸ್ತಿಯಾಗಿತ್ತು. ನಾನು ಬೆರಳಲ್ಲಿ ತಟ್ಟಿ ಸಮ ಮಾಡಿದೆ. ‘ನಿನ್ನ ಹತ್ರ ಸಣ್ಣದು ಕರೀದಿದ್ಯಾ?’ ಎಂದರು. ಇತ್ತು. ಕೊಟ್ಟೆ. ಕನ್ನಡಿ ನೋಡದೆಯೇ ಸರಿಯಾದ ಜಾಗಕ್ಕೆ ಅಂಟಿಸಿಕೊಂಡರು. ಬೆರಳಿಗೆ ಅದು ಮರೆತಿರಲಿಲ್ಲ.

‘ಆಧಾರ್‌ನಲ್ಲೂ ಬಿಂದಿ ಇದೆ, ಅಲ್ವಾ?’ ಎಂದರು, ನಾನೇನೋ ಕೇಳಿದ ಹಾಗೆ. ನಾನು ಏನೂ ಕೇಳಿರಲಿಲ್ಲ.

ಮೊಬೈಲ್ ಎತ್ತಿ ಹಿಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು ಕಣ್ಣು ಮಿಟುಕಿಸಿದರು. ಮೊದಲ ಸಲಕ್ಕೇ ಒಪ್ಪಿಗೆಯಾಯಿತು. ಬಿಂದಿಯನ್ನು ಈಗ ತೆಗೆಯುತ್ತಾರೆ, ಮಧ್ಯಾಹ್ನ ತೆಗೆಯುತ್ತಾರೆ ಎಂದು ಕಾದೆ. ಸಂಜೆ ದೀಪ ಹಚ್ಚುವಾಗಲೂ ಅದು ಅಲ್ಲೇ ಇತ್ತು. ರಾತ್ರಿ ಮಲಗುವ ಮುಂಚೆ ಕಿತ್ತು ಕನ್ನಡಿಯ ಅಂಚಿಗೆ ಅಂಟಿಸಿದರು, ಬೆಳಿಗ್ಗೆಗೆ.