ಭರಣಿ ಯಾರಿಗಾಗಿ?

ಕರಾವಳಿಯ ಸುಡುಬೇಸಿಗೆಯಲ್ಲಿ ನಿಮ್ಮ ಅಂಗಳದಲ್ಲಿ ಹಪ್ಪಳ ಒಣಗುತ್ತಿರಬಹುದು. ಒಳಗೆ ಬಲಿತ ಹಲಸಿನ ಸೊಳೆ ಉಪ್ಪಿನೊಡನೆ ಭರಣಿ ಸೇರುತ್ತಿರಬಹುದು. ಉಪ್ಪು ಸೊಳೆಯ ನೀರನ್ನು ಹೊರಗೆಳೆಯುತ್ತದೆ; ಮೇಲಿಟ್ಟ ಕಲ್ಲಿನ ಭಾರ ಅದನ್ನು ಆ ಉಪ್ಪುನೀರಿನಲ್ಲೇ ಮುಳುಗಿಸಿ, ಗಾಳಿ ತಾಗದಂತೆ ಕಾಪಾಡುತ್ತದೆ. ಆಟಿಯ ಮಳೆಯಲ್ಲಿ ತರಕಾರಿ ದುಬಾರಿಯಾದಾಗ ಅದೇ ಸೊಳೆ ಪಲ್ಯವಾಗಿ ನಮ್ಮ ಊಟಕ್ಕೆ ಒದಗುತ್ತದೆ.

ಕೂಡಿಡುವುದು ತಪ್ಪೇ? ಆದಿಕಾಂಡದ 41ನೇ ಅಧ್ಯಾಯದಲ್ಲಿ ಜೋಸೆಫನು ಸಮೃದ್ಧಿಯ 7 ವರ್ಷ ಧಾನ್ಯ ಕೂಡಿಟ್ಟನು. ಲೂಕನ ಶುಭಸಂದೇಶದ 12ನೇ ಅಧ್ಯಾಯದ ಧನಿಕನೂ ಕೂಡಿಡಬಯಸಿದನು. ಜೋಸೆಫನ ಕಣಜಗಳು ಬರಗಾಲದಲ್ಲಿ ಹಸಿದ ಜನರಿಗೆ ತೆರೆದವು. ಧನಿಕನ ಲೆಕ್ಕದಲ್ಲಿ ತಾನಲ್ಲದೆ ಬೇರೊಬ್ಬರಿರಲಿಲ್ಲ.

ಈ ಮಳೆಗಾಲದಲ್ಲಿ ಭರಣಿ ತೆರೆದಾಗ, ದಿನಗೂಲಿ ನಿಂತುಹೋದ ನೆರೆಮನೆಗೆ ಮೊದಲ ಬಟ್ಟಲು ತಲುಪಲಿ. ನಮ್ಮ ಸಂಗ್ರಹ ಆಗಲೇ ಕೃತಜ್ಞತೆಯಾಗುತ್ತದೆ.