ಗ್ರಾಮಫೋನಿನ ಮುಂದೆ ಕುಳಿತ ನಾಯಿ

ಟೆರಿಯರ್ ಎಂಬ ಹೆಸರನ್ನೇ ಕೇಳದ ಕನ್ನಡಿಗರೂ ಆ ಜಾತಿಯ ಒಂದು ನಾಯಿಯನ್ನು ಮಾತ್ರ ಚೆನ್ನಾಗಿ ಬಲ್ಲರು. ಎಚ್‌ಎಂವಿ ಕಂಪನಿಯ ಗ್ರಾಮಫೋನ್ ತಟ್ಟೆಗಳ ನಡುವೆ ಅಂಟಿಸಿದ ಲೇಬಲ್ಲಿನಲ್ಲಿ, ಹಿತ್ತಾಳೆಯ ಕಹಳೆಯಿಂದ ಬರುವ ಧ್ವನಿಗೆ ತಲೆಯನ್ನು ಓರೆಮಾಡಿ ಕುಳಿತ ಆ ಬಿಳಿಯ ನಾಯಿ, ಚಿತ್ರಗೀತೆಗಳ ಜೊತೆಯಲ್ಲಿ ಎರಡು ಮೂರು ತಲೆಮಾರುಗಳ ಕಾಲ ಕನ್ನಡದ ಮನೆಗಳಲ್ಲಿ ತಿರುಗಿದೆ. ಹಾಗೆ ತಿರುಗುತ್ತಲೇ ತಾನು ಶಾಂತ, ವಿಧೇಯ, ಸಂಗೀತಪ್ರಿಯ ಎಂಬ ಕೀರ್ತಿಯನ್ನೂ ಸಂಪಾದಿಸಿಕೊಂಡಿದೆ. ಆ ಕೀರ್ತಿಗೆ ಆಧಾರ ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1884ರಲ್ಲಿ ಹುಟ್ಟಿದ ಈ ಮಿಶ್ರತಳಿಯ ಟೆರಿಯರಿಗೆ ನಿಪ್ಪರ್ ಎಂಬ ಹೆಸರು ಬಂದದ್ದೇ ಮನೆಗೆ ಬಂದವರ ಮೀನಖಂಡಕ್ಕೆ ಬಾಯಿ ಹಾಕುವ ಅಭ್ಯಾಸದಿಂದ. ಅದು 1895ರಲ್ಲಿ ಸತ್ತ ಕೆಲವು ವರ್ಷಗಳ ಮೇಲೆ ಫ್ರಾನ್ಸಿಸ್ ಬರೋ ಎಂಬ ಕಲಾವಿದ ಅದರ ಚಿತ್ರವನ್ನು ಬರೆದನು. ಎಂದರೆ ಆ ನಾಯಿ ಅಷ್ಟು ಹೊತ್ತು ಅಲ್ಲಾಡದೆ ಕುಳಿತದ್ದು ಸತ್ತ ಬಳಿಕವೇ ಎಂದು ಈ ಜಾತಿಯನ್ನು ಸಾಕಿದವರು ನಗೆಯಾಡಿದರೆ ತಪ್ಪೆನ್ನಲಾಗದು.

ಬರೋ ಮೊದಲು ಬರೆದ ಚಿತ್ರದಲ್ಲಿ ನಾಯಿಯ ಮುಂದಿದ್ದದ್ದು ತಟ್ಟೆಯ ಯಂತ್ರವಲ್ಲ, ಮೇಣದ ಉರುಳೆಯ ಮೇಲೆ ಧ್ವನಿಯನ್ನು ಕೊರೆದಿಡುವ ಫೋನೋಗ್ರಾಫ್. 1899ರಲ್ಲಿ, ಮುಂದೆ ಎಚ್‌ಎಂವಿ ಎಂದು ಹೆಸರಾದ ಲಂಡನ್ನಿನ ಗ್ರಾಮಫೋನ್ ಕಂಪನಿ ಚಿತ್ರವನ್ನು ಕೊಳ್ಳಲು ಒಪ್ಪಿ, ಹಳೆಯ ಯಂತ್ರವನ್ನು ಅಳಿಸಿ ತನ್ನ ಯಂತ್ರವನ್ನು ಬರೆದುಕೊಡಬೇಕೆಂದು ಷರತ್ತು ಹಾಕಿದ್ದರಿಂದ, ಕಲಾವಿದನು ಅದೇ ಬಟ್ಟೆಯ ಮೇಲೆ ಬಣ್ಣ ಬಳಿದು ತಿದ್ದಿಕೊಟ್ಟನು. ಹೀಗೆ ಅಳಿಸಿಹೋದ ಫೋನೋಗ್ರಾಫನ್ನು ಥಾಮಸ್ ಆಲ್ವ ಎಡಿಸನ್ 1877ರಲ್ಲಿ ಕಂಡುಹಿಡಿದದ್ದು ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನಲ್ಲಿ. ಆ ಊರು ಈಗ ಸೇರಿರುವುದು ಎಡಿಸನ್ ಪಟ್ಟಣದ ಎಲ್ಲೆಯೊಳಗೆ, ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಸೋನಾ ಮಸೂರಿ ಅಕ್ಕಿಯ ಮೂಟೆಯನ್ನೂ ಬಾಳೆಎಲೆಯನ್ನೂ ಕೊಳ್ಳಲು ಕನ್ನಡಿಗರು ವಾರವಾರವೂ ಹೋಗುವ ಎಡಿಸನ್ನಿನೊಳಗೆ. ಅದೇ ರಾಜ್ಯದ ದಕ್ಷಿಣದ ಕ್ಯಾಮ್ಡೆನ್ ನಗರದಲ್ಲಿ 1901ರಲ್ಲಿ ಸ್ಥಾಪನೆಯಾದ ವಿಕ್ಟರ್ ಕಂಪನಿ ಅದೇ ನಾಯಿಯನ್ನು ಅಮೆರಿಕದ ಗುರುತಾಗಿ ಬಳಸಿಕೊಂಡು, ಕಾರ್ಖಾನೆಯ ಗೋಪುರದ ನಾಲ್ಕೂ ಮುಖಗಳಲ್ಲಿ ಬಣ್ಣದ ಗಾಜಿನಲ್ಲಿ ಅದನ್ನು ಕೂರಿಸಿತು. ಗೋಪುರ ಇಂದಿಗೂ ಇದೆ; ಕಾರ್ಖಾನೆ ಮಾತ್ರ ಬಾಡಿಗೆ ಮನೆಗಳಾಗಿ ಮಾರ್ಪಟ್ಟಿದೆ. ಲೇಬಲ್ಲಿನ ನಾಯಿಯನ್ನು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ನೋಡಿ ಬೆಳೆದವರ ಮಕ್ಕಳು ಇದೇ ನೆಲದಲ್ಲಿ, ಎಡಿಸನ್, ಪ್ಲೇನ್ಸ್‌ಬರೋ, ಜೆರ್ಸಿ ಸಿಟಿಗಳಲ್ಲಿ, ಆ ಜಾತಿಯ ಜೀವಂತ ನಾಯಿಯನ್ನು ಮನೆಗೆ ತಂದುಕೊಳ್ಳುವಾಗ, ಹಿರಿಯರ ಮನಸ್ಸಿನಲ್ಲಿ ಕುಳಿತೇ ಇರುವ ನಾಯಿಗೂ ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ ಹಾರುವ ನಾಯಿಗೂ ತಾಳೆ ಬೀಳುವುದಿಲ್ಲ.

ಟೆರಿಯರ್ ಎಂಬುದು ಒಂದೇ ತಳಿಯ ಹೆಸರಲ್ಲ. ಬಿಲದೊಳಗೆ ನುಗ್ಗಿ ನರಿ, ಇಲಿ ಮೊದಲಾದ ಪ್ರಾಣಿಗಳನ್ನು ಹೊರಡಿಸುವುದಕ್ಕಾಗಿ ಹೆಚ್ಚಾಗಿ ಬ್ರಿಟನ್ನಿನಲ್ಲಿ ಬೆಳೆಸಿದ ನಾಯಿಗಳ ಇಡೀ ವರ್ಗಕ್ಕೆ ಸಲ್ಲುವ ಹೆಸರು. ಅದರಲ್ಲಿ ಅತ್ಯಂತ ಚುರುಕಿನದೆಂದು ಹೆಸರಾದ ಜ್ಯಾಕ್ ರಸೆಲ್ ತಳಿಗೆ ಮೂಲಪುರುಷನು ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (1795–1883). ಆತನು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರ ಸುಮಾರಿಗೆ, ಹಾಲು ಮಾರುವವನೊಬ್ಬನ ಬಳಿ ಕಂಡ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಅಲ್ಲೇ ಕೊಂಡು ತನ್ನ ತಳಿಯನ್ನು ಆರಂಭಿಸಿದನೆಂದು ಪ್ರತೀತಿ. ಅಮೆರಿಕನ್ ಕೆನೆಲ್ ಕ್ಲಬ್, ಎಂದರೆ ನಾಯಿಗಳ ವಂಶಾವಳಿಯನ್ನು ದಾಖಲಿಸುವ ಸಂಸ್ಥೆ, 1997ರಲ್ಲಿ ಈ ತಳಿಯನ್ನು ಅಂಗೀಕರಿಸಿ, 2003ರಲ್ಲಿ ಅದರ ಹೆಸರನ್ನು ಪಾರ್ಸನ್ ರಸೆಲ್ ಎಂದು ಬದಲಿಸಿ, 2012ರಲ್ಲಿ ಗಿಡ್ಡಕಾಲಿನ ದಾಯಾದಿಯನ್ನು ರಸೆಲ್ ಟೆರಿಯರ್ ಎಂದು ಬೇರೆಯಾಗಿಯೇ ಸೇರಿಸಿಕೊಂಡಿತು. ಈ ಹೆಸರುಗಳ ಜಗಳದಲ್ಲಿ ಸಾಕುವವರಿಗೆ ಬೇಕಾದದ್ದು ಹೆಚ್ಚೇನೂ ಇಲ್ಲ. ಎತ್ತರ ಹತ್ತರಿಂದ ಹದಿನೈದು ಇಂಚಿನೊಳಗೆ, ಮೈಯ ಬಹುಪಾಲು ಬಿಳಿ, ಅಲ್ಲಲ್ಲಿ ಕಂದು ಅಥವಾ ಕಪ್ಪು ಮಚ್ಚೆ, ಕೂದಲು ನಯವಾಗಿಯೋ ಒರಟಾಗಿಯೋ ಇರಬಹುದು. ನಯವಾದ ಗಿಡ್ಡ ಕೂದಲಿನ ನಾಯಿಯೇ ಹೆಚ್ಚು ಕೂದಲು ಉದುರಿಸುತ್ತದೆಂಬ ಒಂದು ಸಂಗತಿಯನ್ನು ಮಾತ್ರ ರತ್ನಗಂಬಳಿ ಹಾಸಿದ ಮನೆಯವರು ಮೊದಲೇ ತಿಳಿದಿರುವುದು ಒಳ್ಳೆಯದು.

ತಳಿಯ ಸ್ವಭಾವವನ್ನು ಪುಟಗಟ್ಟಲೆ ವರ್ಣನೆಗಿಂತ ಚೆನ್ನಾಗಿ ತಿಳಿಸುವುದು ಪ್ರದರ್ಶನದ ಅಂಗಳದಲ್ಲಿ ನಡೆಯುವ ಒಂದು ಪರೀಕ್ಷೆ. ತೀರ್ಪುಗಾರನು ನಾಯಿಯ ಹಿಂದೆ ನಿಂತು, ಮುಂಗಾಲುಗಳ ಹಿಂಬದಿಯಲ್ಲಿ ಎದೆಯ ಸುತ್ತ ಎರಡೂ ಕೈಗಳನ್ನು ಬಳಸಿ, ಮುಂಗಾಲುಗಳು ನೆಲದಿಂದ ಮೇಲೇಳುವಷ್ಟು ಎತ್ತಿ, ಹೆಬ್ಬೆರಳುಗಳು ಬೆನ್ನಿನ ಮೇಲೂ ಉಳಿದ ಬೆರಳುಗಳ ತುದಿಗಳು ಎದೆಯ ಕೆಳಗೂ ಒಂದನ್ನೊಂದು ಮುಟ್ಟುತ್ತವೆಯೇ ಎಂದು ನೋಡುತ್ತಾನೆ. ಜೊತೆಗೆ ಎದೆಗೂಡನ್ನು ಮೆಲ್ಲಗೆ ಅದುಮಿ ಅದು ಬಳುಕುತ್ತದೆಯೇ ಎಂದೂ ಪರೀಕ್ಷಿಸುತ್ತಾನೆ. ಕೈಯ ಹಿಡಿತಕ್ಕೆ ಸಿಗುವ ಎದೆ ನರಿಯ ಬಿಲಕ್ಕೂ ಹಿಡಿಯುತ್ತದೆ, ಸಿಗದ ಎದೆ ಬಿಲದ ಬಾಯಲ್ಲೇ ಸಿಕ್ಕಿಬೀಳುತ್ತದೆ ಎಂಬುದು ಇದರ ತರ್ಕ. ಬಿಲ ಎಂದೂ ಕಾಣದ, ನರಿಯ ವಾಸನೆಯೂ ಹತ್ತದ ನಾಯಿಯ ಮೈಕಟ್ಟನ್ನೂ ಇಂದಿಗೂ ಬಿಲದ ಅಳತೆಯಿಂದಲೇ ಅಳೆಯಲಾಗುತ್ತದೆ. ಮೈಯೇ ಹೀಗಾದ ಮೇಲೆ ಮನಸ್ಸು ಬೇರೆಯಾಗಿರಲು ಸಾಧ್ಯವಿಲ್ಲ.

ಕನ್ನಡ ನಾಡು ಬಲ್ಲ ನಾಯಿಗಳೆಲ್ಲ ಬಯಲಿನ ನಾಯಿಗಳು. ಮುಧೋಳದ ನಾಯಿ ಮೊಲವನ್ನು ಕಣ್ಣಿನಿಂದ ಹಿಡಿದು ಬಯಲಿನಲ್ಲಿ ಅಟ್ಟುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ವೀರಗಲ್ಲು ಸ್ಮರಿಸುವ ಕಾಳಿ ಎಂಬ ನಾಯಿಯೂ ಹಂದಿಯೊಡನೆ ಕಾದಾಡಿ ಸತ್ತದ್ದು ಬೇಟೆಗಾರರ ಕಣ್ಣೆದುರಿನಲ್ಲಿಯೇ. ಗಂಗರ ದೊರೆ ಬೂತುಗನಿಂದ ಆ ನಾಯಿಯನ್ನು ಮೆಚ್ಚುಗೆಯಾಗಿ ಬೇಡಿ ಪಡೆದಿದ್ದ ಮಣಲೇರನೆಂಬ ವೀರನು ಅದಕ್ಕೆ ಕಲ್ಲು ನಿಲ್ಲಿಸಿದನು. ಟೆರಿಯರಿನ ಕಸುಬು ಇದಕ್ಕೆ ತೀರ ವಿರುದ್ಧವಾದದ್ದು. ನೆಲದಡಿಯ ಕತ್ತಲಲ್ಲಿ ಒಡೆಯನ ಕಣ್ಣೂ ಇಲ್ಲ, ಕೂಗೂ ತಲುಪುವುದಿಲ್ಲ. ಮುಂದೆ ನುಗ್ಗಬೇಕೇ, ನಿಲ್ಲಬೇಕೇ, ಯಾವ ಕವಲನ್ನು ಹಿಡಿಯಬೇಕು ಎಂಬುದನ್ನೆಲ್ಲ ಆ ಗೇಣುದ್ದದ ಪ್ರಾಣಿ ತಾನೇ ತೀರ್ಮಾನಿಸಬೇಕು. ಇಷ್ಟಲ್ಲದೆ ನರಿಯನ್ನು ಕೊಲ್ಲುವುದು ಅದರ ಕೆಲಸವೂ ಅಲ್ಲ. ನರಿ ಸತ್ತರೆ ಕುದುರೆಯೇರಿ ಬಂದವರ ಬೇಟೆಯೇ ಮುಗಿದುಹೋಗುವುದರಿಂದ, ಅದನ್ನು ಎದುರಿಸಿ ನಿಂತು, ಹೊರಗೆ ಓಡುವವರೆಗೂ ಎಡೆಬಿಡದೆ ಬೊಗಳುವುದು, ಮೇಲಿದ್ದವರು ಆ ಸದ್ದನ್ನು ಹಿಡಿದು ಜಾಗವನ್ನು ಗುರುತಿಸುವುದು ಆ ಬೇಟೆಯ ಕ್ರಮವಾಗಿತ್ತು. ಆದ್ದರಿಂದ ಕರೆದಾಗ ತಿರುಗಿ ನೋಡದಿರುವುದು, ಹುಲ್ಲುಹಾಸಿನಲ್ಲಿ ಗುಂಡಿ ತೋಡುವುದು, ನೆರೆಯವರು ಕದ ತಟ್ಟುವವರೆಗೂ ಬೊಗಳುವುದು ಎಂದು ಮನೆಯವರು ಪಟ್ಟಿಮಾಡುವ ದೂರುಗಳೆಲ್ಲ ಈ ನಾಯಿಯ ಲೆಕ್ಕದಲ್ಲಿ ಕರ್ತವ್ಯಗಳೇ. ವಿಧೇಯತೆಯನ್ನು ತೆಗೆದೇ ಈ ತಳಿಯನ್ನು ಕಟ್ಟಿದರೆನ್ನುವುದು ಅತಿಯಾದೀತು. ವಿಧೇಯತೆಗಿಂತ ಸ್ವಂತ ತೀರ್ಮಾನಕ್ಕೆ ಹೆಚ್ಚು ಬೆಲೆ ಕೊಟ್ಟು ಕಟ್ಟಿದರೆಂಬುದು ಸರಿಯಾದ ಮಾತು.

ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಗಳ ಚರಿತ್ರೆಯಲ್ಲಿ ಟೆರಿಯರ್ ಎರಡು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ಸಿರಿವಂತರ ಪ್ರದರ್ಶನದ ವೇಷ. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಕೆನೆಲ್ ಕ್ಲಬ್ 1877ರಿಂದ ನಡೆಸುತ್ತ ಬಂದ ನಾಯಿಪ್ರದರ್ಶನದಲ್ಲಿ, ಎಲ್ಲ ತಳಿಗಳನ್ನೂ ಮೀರಿದ ಒಂದೇ ನಾಯಿಗೆ ಸಲ್ಲುವ ಅಗ್ರ ಪ್ರಶಸ್ತಿ 1907ರಲ್ಲಿ ಆರಂಭವಾದಾಗ ಅದನ್ನು ಗೆದ್ದದ್ದು ವಾರೆನ್ ರೆಮಡಿ ಎಂಬ ಫಾಕ್ಸ್ ಟೆರಿಯರ್; ಅದು ನ್ಯೂಜೆರ್ಸಿಯ ಅಲಮೂಚಿಯಲ್ಲಿ ಎಸ್ಟೇಟು ಹೊಂದಿದ್ದ ವಿಂತ್ರಾಪ್ ರದರ್ಫರ್ಡನ ನಾಯಿ. ಮುಂದಿನ ಎರಡು ವರ್ಷವೂ ಅದೇ ಗೆದ್ದಿತು. ಮೂರು ಸಲ ಗೆದ್ದ ನಾಯಿ ಅದರ ಬಳಿಕ ಮತ್ತೊಂದು ಬಂದಿಲ್ಲ. ಇನ್ನೊಂದು ವೇಷ ಮ್ಯಾನ್‌ಹ್ಯಾಟನ್ನಿನ ವಾಟರ್ ಸ್ಟ್ರೀಟಿನ 273ನೆಯ ನಂಬರಿನ ಮನೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಿಟ್ ಬರ್ನ್ಸ್ ಎಂಬವನು ಅಲ್ಲಿ ಇಲಿಗಳನ್ನು ತುಂಬಿದ ಗುಂಡಿಗೆ ಟೆರಿಯರುಗಳನ್ನು ಬಿಟ್ಟು, ಎಷ್ಟು ಹೊತ್ತಿನಲ್ಲಿ ಎಷ್ಟು ಇಲಿ ಸಾಯುತ್ತವೆಂದು ಜನರಿಂದ ಪಣ ಕಟ್ಟಿಸುತ್ತಿದ್ದನು. 1866ರಲ್ಲಿ ಪ್ರಾಣಿದಯಾ ಸಂಘವನ್ನು ಕಟ್ಟಿದ ಹೆನ್ರಿ ಬರ್ಗ್‌ನ ಪ್ರಯತ್ನದಿಂದ 1870ರಲ್ಲಿ ಅಲ್ಲಿ ದಾಳಿ ನಡೆದು ಆಟ ನಿಂತಿತು. ಆ ಹಳೆಯ ಇಟ್ಟಿಗೆಯ ಮನೆಯಲ್ಲಿ ಈಗ ಸಂಸಾರಗಳಿವೆ.

ಇಲಿಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ಮನೆಯಿಂದ ನಡೆದುಹೋಗುವಷ್ಟೇ ದೂರದ ರೈಡರ್ಸ್ ಆ್ಯಲಿ ಎಂಬ ಓಣಿಯ ಹೆಸರನ್ನಿಟ್ಟುಕೊಂಡ ಟೆರಿಯರ್ ಸಾಕುವವರ ಬಳಗವೊಂದು 1990ರ ದಶಕದಿಂದ ರಾತ್ರಿಯ ಹೊತ್ತು ಕಸದ ಚೀಲಗಳ ನಡುವೆ ಇಲಿಬೇಟೆ ನಡೆಸುತ್ತಿದೆ. ಒಬ್ಬರು ಚೀಲವನ್ನು ಅಲುಗಿಸುತ್ತಾರೆ, ಗಿಡ್ಡ ನಾಯಿ ಸಂದಿಗೆ ನುಗ್ಗಿ ಇಲಿಯನ್ನು ಎಬ್ಬಿಸುತ್ತದೆ, ಹೊರಗೆ ಕಾದ ಉದ್ದಕಾಲಿನ ನಾಯಿ ಅದನ್ನು ಕಚ್ಚಿ ಒಮ್ಮೆ ಒದರುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ. ನಗರಾಡಳಿತ 2023ರಲ್ಲಿ ಇಲಿ ನಿಯಂತ್ರಣಕ್ಕೆಂದೇ ಅಧಿಕಾರಿಯನ್ನು ನೇಮಿಸಿ, 2024ರಲ್ಲಿ ಕಸವನ್ನು ಮುಚ್ಚಳದ ಡಬ್ಬಿಯಲ್ಲೇ ಇಡಬೇಕೆಂಬ ನಿಯಮವನ್ನು ವಿಸ್ತರಿಸಿದಾಗ ಇಲಿಗಳಷ್ಟೇ ಈ ನಾಯಿಗಳಿಗೂ ನಷ್ಟವಾಗಿರಬೇಕು.

ಮನೆಯಲ್ಲಿ ಸಾಕುವವರಿಗೆ ಈ ಇಲಿಯ ಸಹವಾಸ ತಮಾಷೆಯಲ್ಲ. ಇಲಿಯ ಮೂತ್ರ ಬಿದ್ದ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಮಲೆನಾಡು ಕರಾವಳಿಗಳವರು ಇಲಿಜ್ವರವೆಂದು ಹೆದರುವ ಅದೇ ಕಾಯಿಲೆ, ನ್ಯೂಯಾರ್ಕಿನ ಬೀದಿಯ ಕೊಚ್ಚೆಯಲ್ಲೂ ನಾಯಿಗೆ ಅಂಟಬಲ್ಲದು. ಲಸಿಕೆಯನ್ನು ವರ್ಷವರ್ಷವೂ ಹಾಕಿಸಬೇಕು. ವಿಷ ತಿಂದ ಇಲಿಯನ್ನು ತಿಂದ ನಾಯಿಗೂ ವಿಷವೇರುತ್ತದೆ. ನದಿಯಾಚೆಯ ನ್ಯೂಜೆರ್ಸಿಯಲ್ಲಿ ಇಲಿಯ ಜಾಗವನ್ನು ಚಿಪ್‌ಮಂಕ್ ಎಂಬ ಪಟ್ಟೆಯ ಪುಟ್ಟ ಅಳಿಲೂ ಗ್ರೌಂಡ್‌ಹಾಗ್ ಎಂಬ ಬಿಲವಾಸಿಯೂ ತುಂಬುತ್ತವೆ, ಜೊತೆಗೆ ಹಿತ್ತಿಲ ಹುಲ್ಲಿನಲ್ಲಿ ಜಿಂಕೆಗಳಿಂದ ಬಂದ ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ನೆನಪಿರುವ ಮಲೆನಾಡಿಗರಿಗೆ ಉಣುಗಿನ ಭಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅದು ತರುವುದು ಲೈಮ್ ಎಂಬ ಬೇರೆ ರೋಗ, ಬರುವುದು ನಾಯಿಗೂ ಮನುಷ್ಯರಿಗೂ. ತಿರುಗಾಡಿ ಬಂದ ಮೇಲೆ ಕಿವಿಯ ಬುಡ, ಕಂಕುಳು, ಬೆರಳ ಸಂದಿಗಳನ್ನು ತಡವಿ ನೋಡುವುದು ನಿತ್ಯದ ಕೆಲಸವಾಗಬೇಕು.

ಅಡುಗೆಮನೆಯೂ ಅಪಾಯದ ಜಾಗವೇ. ಕನ್ನಡದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬೀಳುವ ಒಗ್ಗರಣೆಗಳು ಅನೇಕ. ಈ ಎರಡೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಮೊಸರನ್ನ ನಾಯಿಗೆ ತಂಪೆಂದು ಊರಿನಿಂದ ಬಂದ ಅಜ್ಜಿ ಪ್ರೀತಿಯಿಂದ ಕಲಸಿಟ್ಟರೂ ಅದರೊಳಗಿನ ದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಕೇಸರಿಬಾತಿನ ಒಣದ್ರಾಕ್ಷಿಯೂ ಹಾಗೆಯೇ. “ಊರಲ್ಲಿ ನಮ್ಮ ನಾಯಿ ಎಲ್ಲಾ ತಿನ್ತಿತ್ತಲ್ಲೇ” ಎಂಬ ಅಜ್ಜಿಯ ಮಾತಿಗೂ “ಅಮ್ಮಾ, ಇದಕ್ಕೆ ಕೊಡಬೇಡಿ” ಎಂಬ ಸೊಸೆಯ ಮಾತಿಗೂ ನಡುವೆ, ಎರಡು ಕಾಲ ಮೇಲೆ ನಿಂತು ಮೇಜಿನ ಅಂಚನ್ನು ಮೂಸುವ ನಾಯಿ ಯಾರ ಪಕ್ಷವೆಂದು ಕೇಳಬೇಕಾಗಿಲ್ಲ. ನಾಯಿಯ ಸ್ಥಾನ ಹೊಸ್ತಿಲಿನಾಚೆ ಎಂಬ ಹಳೆಯ ಏರ್ಪಾಡು ಹಿಮ ಬೀಳುವ ಈ ದೇಶದಲ್ಲಿ ನಡೆಯುವುದಿಲ್ಲವಾದ್ದರಿಂದ, ದೇವರ ಕೋಣೆಯ ಬಾಗಿಲಿಗೆ ಮಕ್ಕಳಿಗೆ ಹಾಕುವ ಅಡ್ಡಗೇಟನ್ನು ಸಿಕ್ಕಿಸಿ ಒಪ್ಪಂದ ಮಾಡಿಕೊಂಡ ಮನೆಗಳುಂಟು. ಆದರೆ ತನ್ನ ಎತ್ತರದ ಮೂರು ನಾಲ್ಕು ಪಟ್ಟು ಹಾರಬಲ್ಲ ನಾಯಿಗೆ ಆ ಗೇಟು ಒಂದು ಸಲಹೆ ಮಾತ್ರ.

ಇಷ್ಟೆಲ್ಲ ಇದ್ದೂ ಈ ನಾಯಿಯನ್ನು ಒಲಿಸಿಕೊಳ್ಳುವ ಉಪಾಯ ಕಷ್ಟದ್ದಲ್ಲ: ಅದಕ್ಕೊಂದು ಕೆಲಸ ಕೊಡಬೇಕು. ಬಾರ್ನ್ ಹಂಟ್ ಎಂಬ ಕ್ರೀಡೆ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಒಣಹುಲ್ಲಿನ ಪೆಂಡಿಗಳ ನಡುವೆ ಗಾಳಿಯಾಡುವ ಕೊಳವೆಗಳನ್ನು ಬಚ್ಚಿಟ್ಟು, ಒಂದರಲ್ಲಿ ಜೀವಂತ ಇಲಿಯನ್ನೂ ಇನ್ನೊಂದರಲ್ಲಿ ಇಲಿ ಮಲಗಿದ್ದ ಹಾಸನ್ನು ಮಾತ್ರವೂ ಇರಿಸಿ, ಮತ್ತೊಂದನ್ನು ಖಾಲಿ ಬಿಟ್ಟು, ನಾಯಿ ವಾಸನೆಯನ್ನು ವಾಸನೆಯಿಂದ ಬೇರ್ಪಡಿಸಿ ನಿಜವಾದ ಇಲಿಯನ್ನು ಗುರುತಿಸುವಂತೆ ಮಾಡುತ್ತಾರೆ. ಇಲಿಗೆ ಅಪಾಯವಿಲ್ಲ, ನಾಯಿಗೆ ತೃಪ್ತಿ. ಅಷ್ಟು ದೂರ ಹೋಗಲಾರದವರು ಮನೆಯಲ್ಲೇ ಹಳೆಯ ಟವೆಲಿನಲ್ಲಿ ತಿಂಡಿಯನ್ನು ಸುತ್ತಿ ಅಡಗಿಸಿಟ್ಟರೂ ಆಗುತ್ತದೆ. ನ್ಯೂಯಾರ್ಕಿನ ಹಲವು ಉದ್ಯಾನಗಳಲ್ಲಿ ಬೆಳಗಿನ 9 ಗಂಟೆಯವರೆಗೂ ರಾತ್ರಿ 9ರ ನಂತರವೂ ಗೊತ್ತಾದ ಜಾಗಗಳಲ್ಲಿ ನಾಯಿಯನ್ನು ಹಗ್ಗ ಬಿಚ್ಚಿ ಬಿಡಲು ಅನುಮತಿಯುಂಟು. ಅಳಿಲು ಕಂಡಾಗ ಕರೆಗೆ ತಿರುಗುವ ಅಭ್ಯಾಸ ಗಟ್ಟಿಯಾಗುವ ತನಕ ಟೆರಿಯರಿನ ಹಗ್ಗ ಬಿಚ್ಚದಿರುವುದೇ ಲೇಸು.

ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ನಾಯಿಯನ್ನು ಹಗಲು ಸುತ್ತಾಡಿಸುವವರು ಯಾರೆಂಬ ಸಮಸ್ಯೆಯನ್ನು ಅನಿರೀಕ್ಷಿತವಾಗಿ ಬಗೆಹರಿಸುವವರು ಊರಿನಿಂದ ಆರು ತಿಂಗಳಿಗೆಂದು ಬರುವ ತಂದೆತಾಯಿಗಳು. ಕಾರು ಓಡಿಸಲಾಗದೆ, ಮಾತಿಗೆ ಜನ ಸಿಗದೆ ಕಿಟಕಿಯ ಬಳಿ ಕೂರುವ ನಿವೃತ್ತ ಮೇಷ್ಟರಿಗೂ ಅದೇ ಕಿಟಕಿಯಲ್ಲಿ ಬೊಗಳುತ್ತ ನಿಲ್ಲುವ ನಾಯಿಗೂ ತಿರುಗಾಟ ಸಮಾನವಾಗಿ ಬೇಕು. ಮಲ ಎತ್ತುವ ಪ್ಲಾಸ್ಟಿಕ್ ಚೀಲವನ್ನು ಮೊದಲ ವಾರ ಅಸಹ್ಯದಿಂದ ನೋಡಿದವರು (ನ್ಯೂಯಾರ್ಕ್ ನಗರದಲ್ಲಿ 1978ರಿಂದ ಅದನ್ನು ಎತ್ತದಿದ್ದರೆ ದಂಡ) ಎರಡನೆಯ ತಿಂಗಳಿಗೆ ಅದನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಾರೆ, ನಾಯಿಯ ನೆಪದಲ್ಲಿ ಬೀದಿಯವರ ಪರಿಚಯವಾಗುತ್ತದೆ. ಅವರು ಅಕ್ಟೋಬರಿನಲ್ಲಿ ಹಿಂದಿರುಗಿದ ಮೇಲೆ ನಾಯಿಯನ್ನು ಸುತ್ತಾಡಿಸಲು ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟು ಜನರನ್ನು ಗೊತ್ತುಮಾಡಬೇಕಾಗುತ್ತದೆ. ಈ ತಳಿ ಹದಿಮೂರು ಹದಿನಾಲ್ಕು ವರ್ಷ ಬಾಳುವುದು ಸಾಮಾನ್ಯವಾದ್ದರಿಂದ, ಮರಿಯನ್ನು ತರುವ ಮೊದಲು ಆ ಖರ್ಚನ್ನು ಅಷ್ಟು ವರ್ಷಗಳಿಂದ ಗುಣಿಸಿ ನೋಡುವುದು ವಾಡಿಕೆಯಲ್ಲಿ ಇಲ್ಲದಿದ್ದರೂ ಅಗತ್ಯ.